ಸುಲಿದು ತೆರೆಯುವ ಪೊಟ್ಟಣ

ಮುಂಗೈಯ ರಕ್ತನಾಳಕ್ಕೆ ಚುಚ್ಚಿದ ಕ್ಯಾನುಲಾ ಎಂಬ ಸಣ್ಣ ಕೊಳವೆ ಅಲುಗಾಡದಂತೆ ಹಿಡಿದಿಡುವ ಪಾರದರ್ಶಕ ಡ್ರೆಸ್ಸಿಂಗ್‌ನ ದಪ್ಪ ಸುಮಾರು 25 ಮೈಕ್ರಾನ್. ತಲೆಗೂದಲು ಅದಕ್ಕಿಂತ ಎರಡು ಮೂರು ಪಟ್ಟು ದಪ್ಪ. ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಈ ಹಾಳೆಯ ಒಂದು ಮೈಗೆ ಅಕ್ರಿಲಿಕ್ ಅಂಟು ಬಳಿದಿರುತ್ತದೆ. ಡ್ರಿಪ್ಪಿನ ನಳಿಕೆ ಅದರ ಅಡಿಯಿಂದ ಹೊರಬಂದು ಬಾಟಲಿಯ ಕಡೆಗೆ ಹೋಗುತ್ತದೆ. ಹಾಳೆ ಎಷ್ಟು ತೆಳುವೆಂದರೆ ಕೈಯಲ್ಲಿ ಹಿಡಿದರೆ ಮುದುಡುತ್ತದೆ. ಅಂಟು ಎಷ್ಟು ಚುರುಕೆಂದರೆ ಒಮ್ಮೆ ಮುದುಡಿದ್ದನ್ನು ಬಿಡಿಸಲು ಬರುವುದಿಲ್ಲ. ಇಂಥ ವಸ್ತುವನ್ನು ಕಾರ್ಖಾನೆಯಿಂದ ರೋಗಿಯ ಚರ್ಮದವರೆಗೆ ಅಂಟಿಗೆ ಯಾರ ಬೆರಳೂ ತಾಗದಂತೆ, ಕ್ರಿಮಿ ಹತ್ತದಂತೆ, ಸುಕ್ಕು ಬೀಳದಂತೆ ಸಾಗಿಸುವುದು ಅದರ ಪೊಟ್ಟಣದ ಕೆಲಸ.

ಈ ಪೊಟ್ಟಣದ ಮೇಲೆ ಬೀಳುವ ಬೇಡಿಕೆಗಳು ಒಂದಕ್ಕೊಂದು ಎದುರು ನಿಂತಿವೆ. ಅದು ವರ್ಷಗಟ್ಟಲೆ ಗೋದಾಮಿನಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಕೈಗವಸು ತೊಟ್ಟ ಬೆರಳುಗಳು ಎಳೆದೊಡನೆ ತೆರೆದುಕೊಳ್ಳಲೂಬೇಕು. ಬ್ಯಾಕ್ಟೀರಿಯಾವನ್ನು ಹೊರಗೇ ತಡೆಯಬೇಕು; ಕ್ರಿಮಿ ಕೊಲ್ಲುವ ಅನಿಲವನ್ನು ಒಳಕ್ಕೂ ಹೊರಕ್ಕೂ ಬಿಡಬೇಕು. ಒಳಗಿನ ಅಂಟು ಚರ್ಮಕ್ಕೆ ಹಿಡಿಯಬೇಕು, ಪೊಟ್ಟಣಕ್ಕೆ ಹಿಡಿಯಕೂಡದು. ಇವನ್ನೆಲ್ಲ ಹೊಂದಿಸುವ ಯತ್ನದಲ್ಲಿ ಪೊಟ್ಟಣ ಎಲ್ಲಿ ಮುಗಿಯಿತು, ಡ್ರೆಸ್ಸಿಂಗ್ ಎಲ್ಲಿ ಶುರುವಾಯಿತು ಎಂಬ ಗಡಿಯೇ ಅಳಿಸಿಹೋಗಿದೆ. ಪೊಟ್ಟಣದ ಕೊನೆಯ ಪದರ ಕಳಚುವುದು ಡ್ರೆಸ್ಸಿಂಗ್ ಚರ್ಮದ ಮೇಲೆ ಕೂತಾದ ಮೇಲೆ.

ಅಂಟಿಗೂ ಹೊದಿಕೆಗೂ ನಡೆದಿರುವ ಈ ಜಗಳ ನೂರು ವರ್ಷ ಹಳೆಯದು. 1920ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೌಕರ ಅರ್ಲ್ ಡಿಕ್ಸನ್, ಅಡುಗೆಮನೆಯಲ್ಲಿ ಆಗಾಗ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಉದ್ದನೆಯ ಅಂಟುಪಟ್ಟಿಯ ಮೇಲೆ ಅಲ್ಲಲ್ಲಿ ಹತ್ತಿಬಟ್ಟೆಯ ತುಂಡುಗಳನ್ನಿಟ್ಟ. ಅದನ್ನು ಹಾಗೆಯೇ ಸುತ್ತಿಟ್ಟರೆ ಅಂಟು ಅಂಟಿಗೇ ಹಿಡಿದುಬಿಡುತ್ತದೆ. ಅದಕ್ಕಾಗಿ ಕ್ರಿನೊಲಿನ್ ಎಂಬ ಗಡುಸು ಬಟ್ಟೆಯನ್ನು ಮೇಲೆ ಹೊದಿಸಿದ. ಬೇಕಾದಷ್ಟು ಕತ್ತರಿಸಿ, ಆ ಬಟ್ಟೆ ಕಿತ್ತು ಗಾಯಕ್ಕೆ ಹಚ್ಚಿಕೊಳ್ಳುವುದು. ಬ್ಯಾಂಡ್‌ಏಡ್ ಹುಟ್ಟಿದ್ದು ಹೀಗೆ. ಮೊದಲು ಮಾರಾಟಕ್ಕೆ ಬಂದದ್ದು 3 ಇಂಚು ಅಗಲ, 18 ಇಂಚು ಉದ್ದದ, ಕೈಯಲ್ಲೇ ಮಾಡಿದ ಪಟ್ಟಿ. ಯಂತ್ರದ ತಯಾರಿಕೆ 1924ರಲ್ಲಿ ಬಂತು, ಕ್ರಿಮಿರಹಿತ ಪಟ್ಟಿ 1939ರಲ್ಲಿ. ಮರುವರ್ಷ ಹೊದಿಕೆಯೊಳಗೆ ಒಂದು ಕೆಂಪು ದಾರ ಸೇರಿತು. ಅದನ್ನೆಳೆದರೆ ಕಾಗದ ನೀಟಾಗಿ ಸೀಳುತ್ತಿತ್ತು. ಅಂಟದಂತೆ ಇಡುವುದು, ಕ್ರಿಮಿ ಸೇರದಂತೆ ಮುಚ್ಚುವುದು, ಸಲೀಸಾಗಿ ತೆರೆಯುವುದು: ಇಂದಿನ ವಿನ್ಯಾಸಕಾರರ ಮೂರೂ ತಲೆನೋವುಗಳು ಆ ಇಪ್ಪತ್ತು ವರ್ಷಗಳಲ್ಲೇ, ಇದೇ ಕ್ರಮದಲ್ಲಿ ಎದುರಾಗಿದ್ದವು.

ನಳಿಕೆ ಹಿಡಿದಿಡಲು ಆಗ ಬಳಕೆಯಲ್ಲಿದ್ದದ್ದು ಹತ್ತಿಬಟ್ಟೆ ಮತ್ತು ಸತುವಿನ ಆಕ್ಸೈಡ್ ಬೆರೆಸಿದ ಅಂಟಿನ ಬಿಳಿ ಪ್ಲಾಸ್ಟರ್. ಹ್ಯಾಂಬರ್ಗಿನ ಬೈಯರ್ಸ್‌ಡಾರ್ಫ್ ಕಂಪನಿ 1901ರಲ್ಲೇ ಲ್ಯುಕೋಪ್ಲಾಸ್ಟ್ ಹೆಸರಿನಲ್ಲಿ ಅಂಥದ್ದನ್ನು ಮಾರುತ್ತಿತ್ತು. ಸುರುಳಿಯಾಗಿ ಬರುವ ಪ್ಲಾಸ್ಟರಿಗೆ ಬೇರೆ ಹೊದಿಕೆ ಕಾಗದ ಬೇಕಿಲ್ಲ, ಅದರ ಬೆನ್ನೇ ಆ ಕೆಲಸ ಮಾಡುತ್ತದೆ. ಅಗ್ಗ, ಗಟ್ಟಿ, ಎಲ್ಲ ಕಡೆ ಸಿಗುತ್ತದೆ. ತೊಂದರೆಯೆಂದರೆ ಒಂದೇ ಸುರುಳಿ ವಾರ್ಡಿನ ಹತ್ತು ಹಾಸಿಗೆ ಸುತ್ತುತ್ತದೆ. ಕತ್ತರಿಸಿದ ತುಂಡುಗಳನ್ನು ಮೊದಲೇ ಟ್ರಾಲಿಯ ಅಂಚಿಗೆ ಸಾಲಾಗಿ ಅಂಟಿಸಿಡುವ ರೂಢಿಯಂತೂ ಆಸ್ಪತ್ರೆ ಕಂಡವರಿಗೆಲ್ಲ ಗೊತ್ತು. ಅದರಡಿ ಚುಚ್ಚಿದ ಜಾಗ ಕೆಂಪಾಗಿದೆಯೇ, ಬಾತಿದೆಯೇ ಎಂದು ನೋಡಲು ಪ್ಲಾಸ್ಟರನ್ನೇ ಕೀಳಬೇಕು.

1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ಸಂಶೋಧಕರು ಹಂದಿಗಳ ಮೇಲಿನ ಪ್ರಯೋಗವೊಂದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತೆರೆದಿಟ್ಟು ಒಣಗಲು ಬಿಟ್ಟ ಗಾಯಕ್ಕಿಂತ ಪ್ಲಾಸ್ಟಿಕ್ ಹಾಳೆ ಹೊದಿಸಿ ಒದ್ದೆಯಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಬೆಳೆದಿತ್ತು. ಪಾರದರ್ಶಕ ಹಾಳೆಗಳಿಗೆ ವೈದ್ಯಲೋಕದ ಬಾಗಿಲು ತೆರೆದದ್ದು ಈ ಪ್ರಯೋಗ. 1970ರ ದಶಕದಲ್ಲಿ ಬ್ರಿಟನ್ನಿನ ಸ್ಮಿತ್ ಅಂಡ್ ನೆಫ್ಯೂ ಕಂಪನಿಯ ಆಪ್‌ಸೈಟ್ ಬಂತು, 1980ರ ದಶಕದಲ್ಲಿ ಅಮೆರಿಕದ 3ಎಂ ಕಂಪನಿಯ ಟೆಗಡರ್ಮ್ ಪ್ರಚಾರಕ್ಕೆ ಬಂತು. ಬೆವರಿನ ಆವಿ ಈ ಹಾಳೆಯನ್ನು ದಾಟುತ್ತದೆ, ನೀರಿನ ಹನಿ ದಾಟುವುದಿಲ್ಲ. ಕತ್ತು ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಯ ಮೇಲಿನ ಹತ್ತಿಬಟ್ಟೆಯ ಡ್ರೆಸ್ಸಿಂಗನ್ನು 2 ದಿನಕ್ಕೊಮ್ಮೆ ಬದಲಿಸಬೇಕು, ಪಾರದರ್ಶಕ ಹಾಳೆಯನ್ನು 7 ದಿನಕ್ಕೊಮ್ಮೆ ಬದಲಿಸಿದರೆ ಸಾಕು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ ಹೇಳುತ್ತದೆ. ಕೊಳೆಯಾದರೆ, ಸಡಿಲವಾದರೆ ಕೂಡಲೇ ಬದಲಿಸಬೇಕು. ವಾರ ಪೂರ್ತಿ ಮೈಮೇಲಿರಬೇಕಾದ ಹಾಳೆ ಹಾಕುವಾಗಲೇ ಸುಕ್ಕಾದರೆ, ಆ ಸುಕ್ಕು ಹೊರಗಿನಿಂದ ಸೂಜಿಗಂಡಿಯವರೆಗೆ ಕೊರೆದ ಕಾಲುವೆಯಾಗುತ್ತದೆ. ಹಾಳೆಯನ್ನು ಕೈಗೆ ಕೊಡುವ ಬಗೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಲು ಇದೇ ಕಾರಣ.

ಒಳಗಿನ ಪದರದಿಂದಲೇ ಆರಂಭಿಸುವುದು ಸರಿ. ಹಲಸಿನ ಹಣ್ಣು ಬಿಡಿಸುವ ಮುನ್ನ ಅಂಗೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತಾರೆ, ಮೇಣ ಹಿಡಿಯುವುದಿಲ್ಲ. ಅಂಟಿನ ಮೇಲೆ ಹೊದಿಸಿದ ಕಾಗದಕ್ಕೆ ಇದೇ ಉಪಚಾರವನ್ನು ಸಿಲಿಕೋನ್ ಮಾಡುತ್ತದೆ. ಸಿಲಿಕೋನ್ ಅಣುಸರಪಳಿಯ ಹೊರಮೈ ತುಂಬ ಮೀಥೈಲ್ ಗುಂಪುಗಳು ಒತ್ತೊತ್ತಾಗಿರುವುದರಿಂದ ಬೇರೆ ವಸ್ತುಗಳ ಅಣುಗಳಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಸ್ಟಿಕ್ಕರ್ ಬೊಟ್ಟುಗಳನ್ನು ಸಾಲಾಗಿ ಅಂಟಿಸಿರುವ ಜಾರುವ ಹಾಳೆಯೂ ಇದೇ ಜಾತಿಯದು. ಎಣ್ಣೆಯಾದರೋ ಹಲಸಿನ ತೊಳೆಗೂ ಮೆತ್ತಿಕೊಂಡೀತು. ಸಿಲಿಕೋನ್ ಹಾಗೆ ಅಂಟಿಗೆ ಮೆತ್ತಿದರೆ ಡ್ರೆಸ್ಸಿಂಗ್ ಚರ್ಮಕ್ಕೆ ಹಿಡಿಯುವುದೇ ಇಲ್ಲ. ಆದ್ದರಿಂದ ಅದನ್ನು ಕಾಗದದ ಮೇಲೆ ತೀರ ತೆಳುವಾಗಿ ಹರಡಿ, ಬಿಸಿಯಿಂದಲೋ ನೇರಳಾತೀತ ಬೆಳಕಿನಿಂದಲೋ ಗಟ್ಟಿಗೊಳಿಸುತ್ತಾರೆ. ಪೂರ್ತಿ ಗಟ್ಟಿಯಾಗದ ಒಂದಂಶ ಉಳಿದರೂ ಗೋದಾಮಿನ ಸೆಖೆಯಲ್ಲಿ ಅದು ನಿಧಾನಕ್ಕೆ ಅಂಟಿನೊಳಗೆ ಸರಿಯುತ್ತದೆ.

ಕಾಗದ ಕಿತ್ತ ಮರುಕ್ಷಣ ಅಸಲಿ ಕಷ್ಟ ಶುರು. ಆಧಾರ ಕಳೆದುಕೊಂಡ ಹಾಳೆ ಗಾಳಿಯಲ್ಲಿ ಹಾರಾಡುತ್ತದೆ, ಕೈಗವಸಿಗೆ ಅಂಟುತ್ತದೆ, ತನಗೆ ತಾನೇ ಅಂಟಿ ಮುದ್ದೆಯಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಹೋಳಿಗೆ ಮಾಡುವವರಿಗೆ ಚೆನ್ನಾಗಿ ಗೊತ್ತು. ತೆಳ್ಳಗೆ ತಟ್ಟಿದ ಹೋಳಿಗೆಯನ್ನು ಯಾರೂ ಬರಿಗೈಯಲ್ಲಿ ಎತ್ತುವುದಿಲ್ಲ. ಬಾಳೆಲೆಯ ಮೇಲೆ ತಟ್ಟಿ, ಎಲೆಸಮೇತ ಕಾವಲಿಯ ಮೇಲೆ ಕವುಚಿ, ಹೋಳಿಗೆ ಕಾವಲಿಗೆ ಕೂತ ಮೇಲೆ ಎಲೆಯನ್ನು ಅಂಚಿನಿಂದ ಸುಲಿಯುತ್ತಾರೆ. ಪಾರದರ್ಶಕ ಡ್ರೆಸ್ಸಿಂಗ್‌ನ ಬೆನ್ನ ಮೇಲೂ, ಅಂದರೆ ಅಂಟಿಲ್ಲದ ಮೈಯ ಮೇಲೆ, ಅಂಥದೊಂದು ಆಧಾರವಿದೆ: ನಡುವೆ ಕಿಟಕಿ ತೆರೆದ ಕಾಗದದ ಚೌಕಟ್ಟು. ಕಿಟಕಿಯ ಮೂಲಕ ಸೂಜಿಯ ಜಾಗ ನೋಡಿಕೊಂಡು ಹಾಳೆಯನ್ನು ಇಳಿಸಬಹುದು. ಅಂಚುಗಳನ್ನು ಒತ್ತಿ ಕೂರಿಸಿ, ಆಮೇಲೆ ಚೌಕಟ್ಟನ್ನು ಸುಲಿದು ತೆಗೆಯಬಹುದು.

ಇದು ನಡೆಯಬೇಕಾದರೆ ಮೂರು ಹಿಡಿತಗಳು ಮೆಟ್ಟಿಲುಮೆಟ್ಟಿಲಾಗಿ ಹೊಂದಿಕೊಂಡಿರಬೇಕು. ಅಂಟಿಗೂ ಸಿಲಿಕೋನ್ ಕಾಗದಕ್ಕೂ ಇರುವ ಹಿಡಿತ ಎಲ್ಲಕ್ಕಿಂತ ಕಡಿಮೆ, ಹಾಳೆಗೂ ಚೌಕಟ್ಟಿಗೂ ಇರುವುದು ಅದಕ್ಕಿಂತ ಹೆಚ್ಚು, ಹಾಳೆಗೂ ಚರ್ಮಕ್ಕೂ ಇರುವುದು ಎಲ್ಲಕ್ಕಿಂತ ಹೆಚ್ಚು. ಮೊದಲೆರಡು ಅದಲುಬದಲಾದರೆ ಹಾಳೆ ಕಾಗದದ ಜೊತೆಗೇ ಉಳಿದು ಚೌಕಟ್ಟು ಮಾತ್ರ ಕೈಗೆ ಬರುತ್ತದೆ. ಕೊನೆಯೆರಡು ಅದಲುಬದಲಾದರೆ ಚೌಕಟ್ಟು ಸುಲಿಯುವಾಗ ಡ್ರೆಸ್ಸಿಂಗೇ ಏಳುತ್ತದೆ, ಅದರೊಂದಿಗೆ ಕ್ಯಾನುಲಾವೂ ಹೊರಬರಬಹುದು. ರೋಗಿಗೆ ಇನ್ನೊಂದು ಚುಚ್ಚು. ಮೂರನೆಯ ಹಿಡಿತವನ್ನು ಮನಸ್ಸಿಗೆ ಬಂದಷ್ಟು ಏರಿಸಿ ಪಾರಾಗುವಂತೆಯೂ ಇಲ್ಲ. ಮುದುಕರ ಮತ್ತು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಚರ್ಮ ಅಂಟಿನ ಜೊತೆಗೇ ಕಿತ್ತುಬರುತ್ತದೆ. ಅಂಟಿನಿಂದ ಆಗುವ ಚರ್ಮದ ಗಾಯಗಳನ್ನು ಬೇರೆಯೇ ಒಂದು ವರ್ಗವಾಗಿ ಗುರುತಿಸಬೇಕೆಂದು ತಜ್ಞರ ಗುಂಪೊಂದು 2013ರಲ್ಲಿ ಒಮ್ಮತಕ್ಕೆ ಬಂದಿತ್ತು. ಹೀಗೆ ಮೇಲಿನ ಮೆಟ್ಟಿಲಿಗೆ ಚರ್ಮವೇ ಮಿತಿ ಹಾಕಿರುವಾಗ ಪೊಟ್ಟಣ ತಯಾರಿಸುವವರಿಗೆ ಉಳಿದ ಎರಡನ್ನೂ ಅದರ ಕೆಳಗೆ, ಇಕ್ಕಟ್ಟಾದ ಜಾಗದಲ್ಲೇ ಹೊಂದಿಸುವ ಪಾಡು.

ನಳಿಕೆ ಈ ಲೆಕ್ಕವನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಚಪ್ಪಟೆ ಹಾಳೆಯನ್ನು ದುಂಡನೆಯ ನಳಿಕೆಯ ಮೇಲೆ ಹಾಸಿದರೆ ನಳಿಕೆಯ ಎರಡೂ ಮಗ್ಗುಲಲ್ಲಿ ಡೇರೆಯಂತೆ ಸಂದು ಉಳಿಯುತ್ತದೆ. ಆದ್ದರಿಂದ ಕ್ಯಾನುಲಾಗೆಂದೇ ಮಾಡಿದ ಡ್ರೆಸ್ಸಿಂಗ್‌ನ ಒಂದು ಅಂಚಿನಲ್ಲಿ ಸೀಳು ಅಥವಾ ಕಚ್ಚು ಇರುತ್ತದೆ; ಅದರ ಎರಡು ರೆಕ್ಕೆಗಳು ನಳಿಕೆಯನ್ನು ಬಳಸಿ ಅದರಡಿಯಲ್ಲಿ ಕೂಡುತ್ತವೆ. ಸೀಳಿನ ಬಳಿ ಎಳೆತ ಹೆಚ್ಚಾದ್ದರಿಂದ ಅಲ್ಲಿ ಬಟ್ಟೆಯಂಥ ಪಟ್ಟಿಯಿಂದ ಅಂಚು ಕಟ್ಟಿರುತ್ತಾರೆ. ಡ್ರೆಸ್ಸಿಂಗ್ ಆಗಿ ಇದು ಒಳ್ಳೆಯ ಯೋಚನೆಯೇ, ಪೊಟ್ಟಣಕ್ಕೆ ಮಾತ್ರ ಕಿರಿಕಿರಿ. ಕಾಗದ ಕಿತ್ತೊಡನೆ ಎರಡು ರೆಕ್ಕೆಗಳು ಒಂದಕ್ಕೊಂದು ಅಂಟದಂತೆ ಚೌಕಟ್ಟು ಅವನ್ನು ಬೇರೆಬೇರೆಯಾಗಿ ಹಿಡಿದಿರಬೇಕು, ಸೀಳಿನ ಗೆರೆಯಲ್ಲಿ ತಾನೂ ಎರಡಾಗಬೇಕು. ಅಂಚು ದಪ್ಪ, ನಡು ತೆಳು ಆದ್ದರಿಂದ ನೂರು ಪೊಟ್ಟಣ ಒಂದರ ಮೇಲೊಂದು ಪೇರಿಸಿದರೆ ಒತ್ತಡವೆಲ್ಲ ಒಂದೇ ಕಡೆ ಬಿದ್ದು ಅಲ್ಲಿನ ಅಂಟು ಅಂಚಿನಿಂದ ಜಿನುಗುತ್ತದೆ. ಪೆಟ್ಟಿಗೆಯಲ್ಲಿ ಪೊಟ್ಟಣಗಳನ್ನು ಮಲಗಿಸದೆ, ಗ್ರಂಥಾಲಯದ ಕಾರ್ಡುಗಳಂತೆ ನಿಲ್ಲಿಸಿಡುವುದು ಇದಕ್ಕೊಂದು ಪರಿಹಾರ; ಒಂದೊಂದಾಗಿ ಎತ್ತಿಕೊಳ್ಳಲೂ ಸುಲಭ.

ನಳಿಕೆಯನ್ನು ಒಂದು ಸುತ್ತು ಬಳಸಿ ಅಂಟಿಸಲು ಬೇಕಾದ ಪಟ್ಟಿಗಳು, ದಿನಾಂಕ ಬರೆಯುವ ಚೀಟಿ ಕೂಡ ಅದೇ ಸಿಲಿಕೋನ್ ಕಾಗದದ ಮೇಲೆ ಸವಾರಿ ಮಾಡುತ್ತವೆ. ಅವನ್ನು ಕಿಟಕಿಯ ಆಚೆ, ಬಳಸುವ ಕ್ರಮದಲ್ಲೇ ಇಟ್ಟರೆ ಕೆಲಸ ಸರಾಗ. ಪಾರದರ್ಶಕ ವಸ್ತುವಿನ ತುದಿ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಕಾಗದದ ಮೇಲೆ 1, 2 ಎಂಬ ಅಂಕೆ, ಬಾಣದ ಗುರುತು ಅಚ್ಚಾಗಿರುತ್ತವೆ. ಬಳಸುವವರಿಗೆ ಕಾಣುವ ವಿನ್ಯಾಸವೆಂದರೆ ಇದೊಂದೇ, ಮತ್ತು ಅಗ್ಗದ ಮಾಲಿನಲ್ಲಿ ಮೊದಲು ಮಾಯವಾಗುವುದೂ ಇದೇ.

ಇನ್ನು ಹೊರಗಿನ ಪೊಟ್ಟಣ. ಅದನ್ನು ಯಾವುದರಿಂದ ಮಾಡಬೇಕು ಎಂಬುದು ಒಳಗಿನ ಕ್ರಿಮಿಗಳನ್ನು ಹೇಗೆ ಕೊಲ್ಲುತ್ತಾರೆ ಎಂಬುದರ ಮೇಲೆ ನಿಂತಿದೆ. ಆಸ್ಪತ್ರೆಯ ಕತ್ತರಿ ಇಕ್ಕಳಗಳಿಗೆ 121 ಡಿಗ್ರಿ ಸೆಲ್ಸಿಯಸ್ ಹಬೆ ಸಾಕು. ಅಂಟುಹಾಳೆಗೆ ಹಬೆ ಆಗದು; ಅಂಟು ಹರಿದು, ಕಾಗದ ಸೊಟ್ಟಾಗುತ್ತದೆ. ಉಳಿಯುವುದು ಮುಖ್ಯವಾಗಿ ಎರಡು ದಾರಿ, ಎಥಿಲೀನ್ ಆಕ್ಸೈಡ್ ಅನಿಲ ಮತ್ತು ಗಾಮಾ ಕಿರಣ. ಎರಡರಲ್ಲೂ ವಸ್ತುವನ್ನು ಮೊದಲು ಪೊಟ್ಟಣದಲ್ಲಿ ಮುಚ್ಚಿ, ಆಮೇಲೆ ಕ್ರಿಮಿರಹಿತಗೊಳಿಸುತ್ತಾರೆ. ಪೊಟ್ಟಣವೊಂದರಲ್ಲಿ ಜೀವಂತ ಸೂಕ್ಷ್ಮಜೀವಿ ಉಳಿದಿರುವ ಸಂಭವ ಹತ್ತು ಲಕ್ಷಕ್ಕೆ ಒಂದಕ್ಕಿಂತ ಹೆಚ್ಚಿರಬಾರದು ಎಂಬುದು ಸಾಮಾನ್ಯವಾಗಿ ಪಾಲಿಸುವ ಅಳತೆ.

ಎಥಿಲೀನ್ ಆಕ್ಸೈಡ್ 10.7 ಡಿಗ್ರಿಯಲ್ಲೇ ಕುದಿಯುವ ದ್ರವ. ಕೋಣೆಯ ಬಿಸಿಯಲ್ಲಿ ಅದು ಅನಿಲ. ಸೂಕ್ಷ್ಮಜೀವಿಗಳ ಪ್ರೋಟೀನಿಗೂ ಡಿಎನ್‌ಎಗೂ ಅಂಟಿಕೊಂಡು ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಪೊಟ್ಟಣಗಳನ್ನಿಟ್ಟ ಮುಚ್ಚಿದ ಕೋಣೆಯ ಗಾಳಿ ಹೀರಿ ತೆಗೆದು, ತೇವ ಕೊಟ್ಟು, ಅನಿಲ ತುಂಬಿ, ಗಂಟೆಗಟ್ಟಲೆ ಬಿಟ್ಟು, ಮತ್ತೆ ಹೀರಿ, ಶುದ್ಧ ಗಾಳಿಯಿಂದ ತೊಳೆಯುತ್ತಾರೆ. ಅಷ್ಟೂ ಹೊತ್ತು ಮುಚ್ಚಿದ ಪೊಟ್ಟಣ ಉಸಿರಾಡುತ್ತಿರಬೇಕು. ಎರಡೂ ಮೈ ಪ್ಲಾಸ್ಟಿಕ್ಕಾದರೆ ಅನಿಲ ಒಳಗೇ ಹೋಗದು, ಗಾಳಿ ಹೀರುವಾಗ ಪೊಟ್ಟಣ ಬಲೂನಿನಂತೆ ಉಬ್ಬಿ ಒಡೆಯುತ್ತದೆ. ಆದ್ದರಿಂದ ಒಂದು ಮೈಯಾದರೂ ಕಾಗದವೋ ಅದರಂಥ ರಂಧ್ರಮಯ ಹಾಳೆಯೋ ಆಗಿರಲೇಬೇಕು.

ಅನಿಲ ನುಸುಳುವ ರಂಧ್ರದಲ್ಲಿ ಬ್ಯಾಕ್ಟೀರಿಯಾ ಏಕೆ ನುಸುಳದು? ಜರಡಿಯ ಹೋಲಿಕೆ ಇಲ್ಲಿ ಕೆಲಸಕ್ಕೆ ಬಾರದು. ವೈದ್ಯಕೀಯ ಕಾಗದದ ಕೆಲವು ರಂಧ್ರಗಳು ಬ್ಯಾಕ್ಟೀರಿಯಾಕ್ಕಿಂತ ದೊಡ್ಡವೇ. ಕಾಗದ ಬ್ಯಾಕ್ಟೀರಿಯಾವನ್ನು ಹಿಡಿಯುವುದು ಅಳತೆಯಿಂದಲ್ಲ, ದಾರಿಯ ಸೊಟ್ಟತನದಿಂದ. ಗಾಳಿಯಲ್ಲಿ ಬ್ಯಾಕ್ಟೀರಿಯಾ ಈಜುವುದಿಲ್ಲ, ಧೂಳಿನ ಕಣದ ಮೇಲೋ ಸಣ್ಣ ಹನಿಯ ಮೇಲೋ ಕೂತು ಬರುತ್ತದೆ. ನಾರುಗಳ ಕಾಡಿನಲ್ಲಿ ತಿರುವಿನ ಮೇಲೆ ತಿರುವು. ಅನಿಲದ ಅಣುಗಳು ತಿರುಗಿಕೊಂಡು ಹೋಗುತ್ತವೆ, ಭಾರದ ಕಣಗಳು ಯಾವುದೋ ನಾರಿಗೆ ಡಿಕ್ಕಿ ಹೊಡೆದು ಅಲ್ಲೇ ಉಳಿಯುತ್ತವೆ. ಈ ಏರ್ಪಾಡಿನ ಶತ್ರು ನೀರು. ಕಾಗದ ಒದ್ದೆಯಾದರೆ ನಾರುಗಳ ನಡುವೆ ಹರಿಯುವ ನೀರು ಬ್ಯಾಕ್ಟೀರಿಯಾವನ್ನು ನೇರವಾಗಿ ಒಳಕ್ಕೆ ಒಯ್ಯುತ್ತದೆ. ಒದ್ದೆಯಾಗಿ ಒಣಗಿದ ಪೊಟ್ಟಣ ಹೊರನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಕೆಟ್ಟಿತೆಂದೇ ಲೆಕ್ಕ. ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಪೆಟ್ಟಿಗೆ ಪೇರಿಸಬಾರದು ಎನ್ನುವುದು ಬರೀ ಅಚ್ಚುಕಟ್ಟಿನ ಮಾತಲ್ಲ.

ನೀರಿಗೆ ಜಗ್ಗದ ಕಾಗದದಂಥದೊಂದು ವಸ್ತು ಆಕಸ್ಮಿಕವಾಗಿ ಸಿಕ್ಕಿತು. 1955ರಲ್ಲಿ ಡ್ಯೂಪಾಂಟ್ ಕಂಪನಿಯ ಸಂಶೋಧಕ ಜಿಮ್ ವೈಟ್, ಪ್ರಯೋಗಾಲಯದ ಕೊಳವೆಯೊಂದರಿಂದ ಬಿಳಿ ಪಾಲಿಥೀನ್ ಜುಂಗು ಹೊರಬರುತ್ತಿರುವುದನ್ನು ಗಮನಿಸಿದರು. ಅದರ ಹಿಂದೆ ಬಿದ್ದು ಹುಟ್ಟಿಸಿದ ಹಾಳೆಗೆ ಟೈವೆಕ್ ಎಂದು ಹೆಸರಾಯಿತು. 1967ರಲ್ಲಿ ಮಾರುಕಟ್ಟೆಗೆ, 1972ರಲ್ಲಿ ವೈದ್ಯಕೀಯ ಪೊಟ್ಟಣಗಳಿಗೆ ಬಂತು. ನೇಯದೆ, ಬಿಸಿ ಮತ್ತು ಒತ್ತಡದಿಂದ ಒಂದಾಗಿಸಿದ ಕೂದಲಿಗಿಂತ ಸಣ್ಣ ಅಖಂಡ ಎಳೆಗಳು ಅದರಲ್ಲಿವೆ. ಎಳೆಗಳು ಅಖಂಡವಾದ್ದರಿಂದ ಸುಲಿಯುವಾಗ ಜುಂಗು ಉದುರುವುದು ತೀರ ಕಡಿಮೆ. ಬೆಲೆಯೋ ಕಾಗದದ ಹಲವು ಪಟ್ಟು. ಹಗುರವಾದ, ಮೊನೆಯಿಲ್ಲದ ಅಂಟುಹಾಳೆಗೆ ಟೈವೆಕ್ ಹೊದಿಸುವುದು ದುಂದು. ಒಳ್ಳೆಯ ವೈದ್ಯಕೀಯ ಕಾಗದ ಸಾಕು. ಅದರ ಖರ್ಚಿಗೆ ಅರ್ಥ ಬರುವುದು ನಳಿಕೆ, ಕೀಲುಗಳೂ ಸೇರಿದ ಭಾರದ ಕಿಟ್‌ಗಳಲ್ಲಿ.

ಗಾಮಾ ಕಿರಣಕ್ಕೆ ರಂಧ್ರದ ಹಂಗಿಲ್ಲ. ಕೋಬಾಲ್ಟ್-60 ಸೂಸುವ ಈ ಕಿರಣ ರಟ್ಟಿನ ಪೆಟ್ಟಿಗೆ, ಪೊಟ್ಟಣ, ಡ್ರೆಸ್ಸಿಂಗ್ ಎಲ್ಲವನ್ನೂ ತೂರಿಹೋಗುತ್ತದೆ. ರೂಢಿಯ ಪ್ರಮಾಣ 25 ಕಿಲೋಗ್ರೇ. ಅಷ್ಟೂ ಶಕ್ತಿಯನ್ನು ನೀರು ಹೀರಿಕೊಂಡರೆ ಅದರ ಬಿಸಿ ಏರುವುದು ಕೇವಲ 6 ಡಿಗ್ರಿ. ಕಾಯಿಸದೆ ಕೊಲ್ಲುವ ವಿಧಾನವಿದು. ಭಾರತದಲ್ಲಿ ವೈದ್ಯಕೀಯ ಸಾಮಗ್ರಿಗಳಿಗೆ ಮೊದಲ ಗಾಮಾ ಘಟಕ, ಐಸೋಮೆಡ್, ಮುಂಬಯಿಯ ಟ್ರಾಂಬೆಯಲ್ಲಿ 1974ರಲ್ಲಿ ಶುರುವಾಯಿತು. ಪೆಟ್ಟಿಗೆಗೆ ಅಂಟಿಸಿದ ಹಳದಿ ಚುಕ್ಕೆ ಕೆಂಪಾಗಿದ್ದರೆ ಕಿರಣ ಹಾಯ್ದಿದೆ ಎಂದರ್ಥ. ನೀರಿನಂಶದ ಜೆಲ್ ಇರುವ ಡ್ರೆಸ್ಸಿಂಗ್‌ಗಳಿಗೆ ಈ ದಾರಿ ಅನುಕೂಲ. ಕಾಗದದ ಪೊಟ್ಟಣದಲ್ಲಿ ಜೆಲ್ ಒಣಗಿ ಚಕ್ಕೆಯಾಗುತ್ತದೆ, ಅಲ್ಯೂಮಿನಿಯಂ ಹಾಳೆಯ ಪೊಟ್ಟಣದಲ್ಲಿ ಒಣಗದು. ಆದರೆ ಗಾಮಾಕ್ಕೂ ತೆರಬೇಕಾದ ದಂಡವಿದೆ. ಕಾಗದದ ಸೆಲ್ಯುಲೋಸ್ ಸರಪಳಿಗಳು ತುಂಡಾಗಿ ಕಾಗದ ಪೆಡಸಾಗುತ್ತದೆ, ಪಿವಿಸಿ ನಳಿಕೆ ಹಳದಿಗೆ ತಿರುಗುತ್ತದೆ, ಅಂಟಿನ ಹಿಡಿತ ಬದಲಾಗುತ್ತದೆ. ಕಷ್ಟಪಟ್ಟು ಹೊಂದಿಸಿದ ಮೂರು ಮೆಟ್ಟಿಲುಗಳನ್ನು ಕಿರಣ ಹಾಯ್ದ ಮೇಲೆ ಮತ್ತೆ ಅಳೆದು ನೋಡಬೇಕು.

ಅನಿಲದ ದಂಡ ಬೇರೆ ಬಗೆಯದು. ಎಥಿಲೀನ್ ಆಕ್ಸೈಡ್ ಕ್ಯಾನ್ಸರ್‌ಕಾರಕ. ಹಾಳೆ, ಅಂಟು, ಕಾಗದಗಳು ಅದನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪ್ರಕಾರ ಅಲ್ಲಿನ ಕ್ರಿಮಿರಹಿತ ವೈದ್ಯಕೀಯ ಸಾಧನಗಳಲ್ಲಿ ಸುಮಾರು ಅರ್ಧದಷ್ಟು ಈ ಅನಿಲವನ್ನೇ ನೆಚ್ಚಿವೆ. 2019ರಲ್ಲಿ ಇಲಿನಾಯ್ಸ್ ರಾಜ್ಯದ ವಿಲ್ಲೋಬ್ರೂಕ್‌ನಲ್ಲಿ, ಊರಿನ ಗಾಳಿಗೆ ಅನಿಲ ಸೇರುತ್ತಿದೆ ಎಂಬ ಕಾರಣಕ್ಕೆ ಒಂದು ಘಟಕ ಬಾಗಿಲು ಹಾಕಿದಾಗ ಸಾಧನಗಳ ಕೊರತೆಯ ಭಯ ಎದ್ದಿತ್ತು. ಅನಿಲದ ಬಳಕೆ ತಗ್ಗಿಸುವ ಚರ್ಚೆಗಳಲ್ಲಿ ಪೊಟ್ಟಣಕ್ಕೆ ಸಂಬಂಧಿಸಿದ ಒಂದು ಸರಳ ಸಲಹೆಯೂ ಬಂತು: ಒಳಗೆ ತುರುಕುವ ಸೂಚನಾಪತ್ರದ ಕಾಗದ ಕಡಿಮೆ ಮಾಡಿ. ಓದುವವರಿಲ್ಲದ ಆ ಮಡಿಕೆಗಳೇ ಒಂದಷ್ಟು ಅನಿಲವನ್ನು ಹೀರುತ್ತಿರುತ್ತವೆ.

ಶಾಂಪೂ ಪೊಟ್ಟಣವನ್ನು ಮೂಲೆ ಹಿಡಿದು ಹರಿಯುತ್ತಾರೆ, ಹರಿಯದಿದ್ದರೆ ಹಲ್ಲಿಗೆ ಕೆಲಸ. ಡ್ರೆಸ್ಸಿಂಗ್ ಪೊಟ್ಟಣವನ್ನು ಹಾಗೆ ಹರಿದರೆ ಹರಿದ ಅಂಚು ಒಳಮುಖವಾಗಿ ಮಡಚಿ, ಹೊರಗಿನ ಕೊಳೆ ಹೊರಬರುವ ವಸ್ತುವಿಗೆ ತಾಗುತ್ತದೆ. ಎರಡು ಮೈಗಳನ್ನು ಹಿಡಿದು ಬೇರ್ಪಡಿಸಿದರೆ ಎರಡೂ ತುಟಿಗಳು ಹೊರಕ್ಕೆ ಮಗುಚುತ್ತವೆ, ಒಳಗಿನ ಶುದ್ಧ ಮೈ ಮಾತ್ರ ವಸ್ತುವಿನ ಸುತ್ತ ಉಳಿಯುತ್ತದೆ. ಅದಕ್ಕೇ ಒಂದು ತುದಿಯಲ್ಲಿ ಹೆಬ್ಬೆರಳಿಗೆ ಸಿಗುವಷ್ಟು ಜಾಗವನ್ನು ಬೆಸೆಯದೆ ಬಿಟ್ಟಿರುತ್ತಾರೆ. ಅದರ ಕೆಳಗಿನ ಬೆಸುಗೆ ಕೆಲವು ಪೊಟ್ಟಣಗಳಲ್ಲಿ ಮನೆಯ ಮಾಡಿನಂತೆ ಚೂಪಾಗಿರುವುದುಂಟು. ಎಳೆತವೆಲ್ಲ ಮೊದಲು ಆ ತುದಿಯ ಒಂದೇ ಬಿಂದುವಿಗೆ ಬಿದ್ದು ತೆರೆಯುವುದು ಸುಲಭವಾಗುತ್ತದೆ.

ಬೆಸುಗೆ ಹಾಕುವ ಯಂತ್ರಕ್ಕೆ ತಿಳಿದಿರುವುದು ಮೂರೇ ಸಂಗತಿ: ಬಿಸಿ, ಒತ್ತಡ, ಎಷ್ಟು ಹೊತ್ತು ಒತ್ತಿದೆ. ಬಿಸಿ ಕಡಿಮೆಯಾದರೆ ನಡುವೆ ಹಿಡಿಯದ ಕಾಲುವೆಗಳು ಉಳಿಯುತ್ತವೆ. ಹೆಚ್ಚಾದರೆ ಹಿಡಿತ ಕಾಗದದ ಬಲವನ್ನೇ ಮೀರಿ, ಸುಲಿಯುವಾಗ ಕಾಗದ ಹರಿದು ನಾರು ಉದುರುತ್ತದೆ, ಅದೂ ಸೂಜಿ ಚುಚ್ಚಿದ ಜಾಗದ ಬಳಿ. ಯುರೋಪಿನ ಮಾನಕವೊಂದು ಕಾಗದ ಮತ್ತು ಪ್ಲಾಸ್ಟಿಕ್ ಪೊಟ್ಟಣದ ಬೆಸುಗೆಗೆ, ಕ್ರಿಮಿರಹಿತಗೊಳಿಸಲು ಹಬೆ ಬಿಟ್ಟು ಬೇರೆ ವಿಧಾನ ಬಳಸುವಾಗ, 15 ಮಿಲಿಮೀಟರ್ ಅಗಲಕ್ಕೆ ಕನಿಷ್ಠ 1.2 ನ್ಯೂಟನ್ ಬಲ ಬೇಕೆನ್ನುತ್ತದೆ. ಅಂದರೆ ಸುಮಾರು 120 ಗ್ರಾಂ ತೂಕ, ಒಂದು ಈರುಳ್ಳಿ ಹಿಡಿದಷ್ಟು. ವರ್ಷಗಟ್ಟಲೆ ಕ್ರಿಮಿಗಳನ್ನು ತಡೆದಿಟ್ಟ ಕೋಟೆಯ ಬಲ ಇಷ್ಟೇ, ಮತ್ತು ಇಷ್ಟಿದ್ದರೇ ಚಂದ. ಸರಿಯಾಗಿ ಸುಲಿದ ಪೊಟ್ಟಣದ ಅಂಚಿನುದ್ದಕ್ಕೂ ತುಂಡಾಗದ ಬಿಳಿ ಪಟ್ಟಿ ಉಳಿಯುತ್ತದೆ. ಬೆಸುಗೆ ಎಲ್ಲೂ ತಪ್ಪಿರಲಿಲ್ಲ ಎಂಬುದಕ್ಕೆ ಅದೇ ಗುರುತು.

ನಳಿಕೆಯೂ ಪೊಟ್ಟಣದೊಳಗೇ ಬರುವ ಡ್ರೆಸ್ಸಿಂಗ್‌ಗಳೂ ಇವೆ. ಹೀರುವ ಒತ್ತಡದಿಂದ ಗಾಯ ಮಾಯಿಸುವ ವಿಧಾನವನ್ನು ಅಮೆರಿಕದ ಲೂಯಿಸ್ ಅರ್ಜೆಂಟಾ ಮತ್ತು ಮೈಕೆಲ್ ಮೊರಿಕ್ವಾಸ್ 1997ರಲ್ಲಿ ಪ್ರಕಟಿಸಿದರು. ಗಾಯದಲ್ಲಿ ಸ್ಪಂಜು, ಅದರ ಮೇಲೆ ಅಂಟುಹಾಳೆ, ಹಾಳೆಯ ತೂತಿಗೆ ನಳಿಕೆ, ನಳಿಕೆಯ ತುದಿಗೆ ಪಂಪು. ಒತ್ತಡ ವಾತಾವರಣಕ್ಕಿಂತ 125 ಮಿಲಿಮೀಟರ್ ಪಾದರಸದಷ್ಟು ಕಡಿಮೆ. ಇಂಥ ಕಿಟ್‌ನಲ್ಲಿ ಸುರುಳಿ ಸುತ್ತಿದ ನಳಿಕೆ ಸದಾ ನೆಟ್ಟಗಾಗಲು ಹವಣಿಸುತ್ತ ಬೆಸುಗೆಯನ್ನು ಒಳಗಿನಿಂದ ತಳ್ಳುತ್ತಿರುತ್ತದೆ. ಅದರ ತುದಿಯ ಗಟ್ಟಿ ಕೀಲು, ಲಾರಿ ಕುಲುಕಿದಂತೆಲ್ಲ ಪೊಟ್ಟಣದ ಒಂದೇ ಜಾಗವನ್ನು ಕುಟ್ಟುತ್ತದೆ. ಬಿಗಿಯಾಗಿ ಸುತ್ತಿದರೆ ನಳಿಕೆಗೆ ಮಡಿಕೆ ಬಿದ್ದು, ಬಳಸುವಾಗ ಅಲ್ಲೇ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು: ಪಿವಿಸಿ ನಳಿಕೆಯನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ರಾಸಾಯನಿಕ ಪಕ್ಕದ ಅಂಟಿಗೆ ಇಳಿದು ಅದನ್ನು ಲೊಳೆಯಾಗಿಸಬಲ್ಲದು. ಇದಕ್ಕೆಲ್ಲ ಅಚ್ಚೊತ್ತಿದ ಪ್ಲಾಸ್ಟಿಕ್ ತಟ್ಟೆಯೇ ಗತಿ. ನಳಿಕೆಗೊಂದು ಕಾಲುವೆ, ಕೀಲಿಗೊಂದು ಗುಳಿ, ಹಾಳೆಗೆ ಬೇರೆ ಅಂಕಣ, ಮೇಲೆ ಟೈವೆಕ್ ಮುಚ್ಚಳ. ಮೊದಲು ಬೇಕಾದದ್ದು ಮೇಲೆ, ಕೊನೆಗೆ ಬೇಕಾದದ್ದು ಅಡಿಯಲ್ಲಿ. ಈ ಕೊನೆಯ ನಿಯಮ ಹೇಳುವಷ್ಟು ಪಾಲನೆಯಾಗುವುದಿಲ್ಲ. ತುಂಬುವ ಯಂತ್ರಕ್ಕೆ ಅನುಕೂಲವಾದ ಕ್ರಮವೇ ಎಷ್ಟೋ ಕಿಟ್‌ಗಳಲ್ಲಿ ಗೆದ್ದಿರುತ್ತದೆ.

ಹೊರಗಿನ ಬರಹದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭಾಷೆಗಳ ಗೊಡವೆಯಿಲ್ಲದ ಚಿಹ್ನೆಗಳು ಅಂತರರಾಷ್ಟ್ರೀಯವಾಗಿ ನಿಗದಿಯಾಗಿವೆ: ಮರಳುಗಡಿಯಾರ ಎಂದರೆ ಅವಧಿ ಮುಗಿಯುವ ದಿನ, ಅಡ್ಡಗೆರೆ ಹೊಡೆದ 2 ಎಂದರೆ ಮರುಬಳಕೆ ಬೇಡ.

ಪೊಟ್ಟಣ ಮೂರು ವರ್ಷ ಬಾಳುತ್ತದೆ ಎಂದು ಅಚ್ಚು ಹಾಕಲು ಮೂರು ವರ್ಷ ಕಾಯಬೇಕಿಲ್ಲ. ಬಿಸಿ 10 ಡಿಗ್ರಿ ಏರಿದರೆ ವಸ್ತುಗಳು ಮುಪ್ಪಾಗುವ ವೇಗ ಎರಡು ಪಟ್ಟಾಗುತ್ತದೆ ಎಂಬ ಊಹೆಯ ಮೇಲೆ ಪರೀಕ್ಷೆ ನಡೆಯುತ್ತದೆ. 25 ಡಿಗ್ರಿಯ ಬದಲು 55 ಡಿಗ್ರಿಯ ಕೋಣೆಯಲ್ಲಿಟ್ಟರೆ ವೇಗ ಎಂಟು ಪಟ್ಟು. ಒಂದು ವರ್ಷಕ್ಕೆ 46 ದಿನ ಸಾಕು. ಊಹೆ ಊಹೆಯೇ ಆದ್ದರಿಂದ ಪಕ್ಕದಲ್ಲೇ ನಿಜವಾದ ಮೂರು ವರ್ಷದ ಪರೀಕ್ಷೆಯೂ ಸಾಗಿರಬೇಕು. ಹೀಗೆ ಮುಪ್ಪಾಗಿಸಿದ ಪೊಟ್ಟಣದ ಬೆಸುಗೆಗೆ ಬಣ್ಣದ ದ್ರವ ಹಾಕಿ ಎಲ್ಲಾದರೂ ನುಸುಳುತ್ತದೆಯೇ ಎಂದು ನೋಡುತ್ತಾರೆ; ನೀರಿನಲ್ಲಿ ಮುಳುಗಿಸಿ ಗಾಳಿ ಊದಿ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆ ಗುಳ್ಳೆ ಹುಡುಕುತ್ತಾರೆ. ಇವೆಲ್ಲಕ್ಕೂ ಚೌಕಟ್ಟು ಹಾಕಿಕೊಟ್ಟಿರುವುದು ಐಎಸ್‌ಒ 11607 ಎಂಬ ಮಾನಕ. ಅದರ ಒಂದು ಭಾಗ ವಸ್ತುಗಳ ಬಗ್ಗೆ, ಇನ್ನೊಂದು ಬೆಸುಗೆಯ ಪ್ರಕ್ರಿಯೆಯ ಬಗ್ಗೆ.

ಸಾಗಣೆಯ ಪರೀಕ್ಷೆಯಲ್ಲಿ ಕುಲುಕಾಟ, ಬೀಳುವಿಕೆಗಳ ಜೊತೆ ಎತ್ತರವೂ ಸೇರಿದೆ. ಮನಾಲಿಯಿಂದ ಲೇಹ್‌ಗೆ ಹೋಗುವ ಲಾರಿ 5,300 ಮೀಟರಿಗೂ ಎತ್ತರದ ತಗ್ಲಾಂಗ್ ಲಾ ಕಣಿವೆಬಾಯಿಯನ್ನು ದಾಟುವಾಗ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ಕಾಗದದ ಪೊಟ್ಟಣ ಗಾಳಿ ಬಿಟ್ಟು ಸುಮ್ಮನಿರುತ್ತದೆ. ಅಲ್ಯೂಮಿನಿಯಂ ಪೊಟ್ಟಣ ಪೂರಿಯಂತೆ ಉಬ್ಬಿ, ಆ ಒತ್ತಡವೆಲ್ಲ ಸುಲಿಯಲು ಬರಲೆಂದೇ ಮೆತ್ತಗಿಟ್ಟ ಬೆಸುಗೆಯ ಮೇಲೆ ಬೀಳುತ್ತದೆ. ಹಾಗಾಗಿ ಅಂಥ ಪೊಟ್ಟಣಗಳನ್ನು ಮುಚ್ಚುವಾಗಲೇ ಒಳಗಿನ ಗಾಳಿಯನ್ನು ಆದಷ್ಟೂ ಹಿಂಡಿ ತೆಗೆಯುತ್ತಾರೆ.

ಬಳಕೆ ಮುಗಿದ ಮೇಲೆ ಒಂದೇ ಪೊಟ್ಟಣದಿಂದ ಹೊರಬಂದ ಭಾಗಗಳು ದಿಕ್ಕಿಗೊಂದಾಗುತ್ತವೆ. ರೋಗಿಯನ್ನು ಮುಟ್ಟದ ಹೊರಹಾಳೆ, ಸಿಲಿಕೋನ್ ಕಾಗದ, ಚೌಕಟ್ಟು ಮಾಮೂಲಿ ಕಸ. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ಹತ್ತಿದ ಡ್ರೆಸ್ಸಿಂಗ್ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ನಳಿಕೆ ಕೆಂಪು ಚೀಲಕ್ಕೆ, ಸೂಜಿ ಬಿಳಿ ಡಬ್ಬಕ್ಕೆ. ನಳಿಕೆಗೆ ಬಿಗಿಯಾಗಿ ಹಿಡಿದುಕೊಂಡ ಅಂಟುಹಾಳೆಯನ್ನು ಕೈಗವಸು ತೊಟ್ಟ ಕೈ ಬಿಡಿಸಲಾರದೆ, ಎರಡೂ ಒಟ್ಟಿಗೇ ಯಾವುದೋ ಒಂದು ಚೀಲಕ್ಕೆ ಬೀಳುವುದೇ ಹೆಚ್ಚು.